ಆ ಪುಟ್ಟ ಬಟನ್ ಮರೆಯಬೇಡ

ಅಕ್ಕ ಮೊನ್ನೆ ಫೋನಿನಲ್ಲಿ ಹೇಳಿದಳು, ನೀನು ಟೆಕ್ಸಾಸಿನ ಮನೆಯ ಗ್ಯಾರೇಜಿನಲ್ಲಿ ಹಳೇ ಷೆವರ್ಲೆಯ 350 ಇಂಜಿನ್ ಬಿಚ್ಚಿ ಹರವಿಕೊಂಡಿದ್ದೀಯಂತೆ, ಕಾಲಿಡಲೂ ಜಾಗವಿಲ್ಲವಂತೆ. ಅವಳಿಗೆ ಅದು ದೂರು, ನನಗೆ ಕೇಳಿ ಸಂತೋಷವಾಯಿತು. ಫ್ಲಾಟ್ ಟ್ಯಾಪೆಟ್ ಕ್ಯಾಮ್ ತೆಗೆದು ರೋಲರ್ ಕ್ಯಾಮ್ ಹಾಕುತ್ತೀಯಂತೆ. ಒಳ್ಳೆಯದು. ಈಗಿನ ಎಣ್ಣೆಗಳಲ್ಲಿ ಸತು-ರಂಜಕದ ಅಂಶ ಕಡಿಮೆ, ಹಳೇ ಥರದ ಲಿಫ್ಟರ್‌ಗಳಿಗೆ ಅದರಲ್ಲಿ ಬಾಳುವುದು ಕಷ್ಟ. ಆದರೆ ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ಕ್ಯಾಮ್, ಲಿಫ್ಟರ್, ಪುಶ್ ರಾಡ್, ಸ್ಪ್ರಿಂಗ್ ಎಲ್ಲಾ ಇವೆ. ಕ್ಯಾಮ್ ಮುಂದಕ್ಕೆ ಸರಿಯದ ಹಾಗೆ ಅದರ ಮುಂದಿನ ತುದಿಗೂ ಟೈಮಿಂಗ್ ಕವರಿಗೂ ನಡುವೆ ಕೂರುವ, ಹೆಬ್ಬೆರಳ ತುದಿಯಷ್ಟಿರುವ ಕ್ಯಾಮ್ ಬಟನ್ ಒಂದು ಇಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹೊಸ ಫ್ಲಾಟ್ ಲಿಫ್ಟರ್ ಎರಡು ಎಲ್ಲಾದರೂ ಸಿಕ್ಕರೆ ಮುಖಕ್ಕೆ ಮುಖ ಕೊಟ್ಟು ಹಿಡಿದು ನೋಡು. ಅಲುಗುತ್ತವೆ. ಹೆಸರಿಗೆ ಮಾತ್ರ ಚಪ್ಪಟೆ, ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬು. ಕ್ಯಾಮಿನ ಲೋಬ್ ಕೂಡ ಒಂದು ಪಕ್ಕಕ್ಕೆ ಒಂದೆರಡು ಥೌ, ಅಂದರೆ ಇಂಚಿನ ಸಾವಿರದಲ್ಲಿ ಒಂದೆರಡು ಭಾಗ, ಇಳಿಜಾರು. ಇವೆರಡೂ ಸೇರಿ ಲಿಫ್ಟರ್ ತನ್ನ ಬೋರಿನಲ್ಲಿ ಮೆಲ್ಲಗೆ ತಿರುಗುತ್ತಿರುತ್ತದೆ, ಒಂದೇ ಕಡೆ ಸವೆಯುವುದಿಲ್ಲ. ಅದೇ ಇಳಿಜಾರಿನ ಮೇಲೆ ವಾಲ್ವ್ ಸ್ಪ್ರಿಂಗ್‌ಗಳ ಭಾರ ಬಿದ್ದು ಇಡೀ ಕ್ಯಾಮನ್ನು ಹಿಂದಕ್ಕೆ ಒತ್ತುತ್ತದೆ. ಸ್ಪ್ರಾಕೆಟ್ಟಿನ ಬೆನ್ನು ಬ್ಲಾಕಿಗೆ ಆತುಕೊಂಡೇ ತಿರುಗುತ್ತದೆ. 1955ರಲ್ಲಿ ಈ ಸ್ಮಾಲ್ ಬ್ಲಾಕ್ ಇಂಜಿನ್ ತಂದವರು ಮುಂದುಗಡೆ ತಡೆ ಇಡುವ ಗೋಜಿಗೇ ಹೋಗದಿದ್ದುದು ಇದರಿಂದಲೇ.

ರೋಲರ್ ಕ್ಯಾಮಿನ ಲೋಬ್‌ಗೆ ಆ ಇಳಿಜಾರಿಲ್ಲ. ಲಿಫ್ಟರಿನ ಚಕ್ರ ಅದರ ಮೇಲೆ ಉರುಳಿ ಹೋಗುತ್ತದೆ, ಹಿಂದಕ್ಕೆ ದೂಡುವುದಿಲ್ಲ. ಇತ್ತ ಡಿಸ್ಟ್ರಿಬ್ಯೂಟರನ್ನೂ ಆಯಿಲ್ ಪಂಪನ್ನೂ ತಿರುಗಿಸುವ ಓರೆಹಲ್ಲಿನ ಗೇರು ಕ್ಯಾಮನ್ನು ಉದ್ದಕ್ಕೆ ಜಗ್ಗುತ್ತಲೇ ಇರುತ್ತದೆ. ಹಲ್ಲು ಓರೆಯಾದ್ದರಿಂದ ಕ್ಯಾಮ್ ಸರಿದಷ್ಟೂ ಡಿಸ್ಟ್ರಿಬ್ಯೂಟರ್ ತುಸು ತಿರುಗುತ್ತದೆ, ಕಿಡಿಯ ಹೊತ್ತು ಹೆಚ್ಚುಕಡಿಮೆ ಆಗುತ್ತದೆ. ತೀರಾ ಸರಿದರೆ ರೋಲರ್ ತನ್ನ ಲೋಬಿನ ಅಂಚು ದಾಟಿ ಪಕ್ಕದ್ದಕ್ಕೆ ತಾಗಬಹುದು. ಆಮೇಲೆ ಇಂಜಿನ್ ಪೂರ್ತಿ ಬಿಚ್ಚುವುದೇ.

ಇದರ ಪೆಟ್ಟು ನಾನು ತಿಂದಿದ್ದೇನಪ್ಪಾ. ಮಿಷಿಗನ್ನಿಗೆ ಬಂದ ಹೊಸತರಲ್ಲಿ ಒಂದು ಹಳೇ ಪಿಕಪ್ಪಿಗೆ ರೋಲರ್ ಕ್ಯಾಮ್ ಹಾಕಿದೆ. ಬಟನ್ ಇಟ್ಟಿದ್ದೆ, ಅಳತೆಯೂ ನೋಡಿದ್ದೆ. ಆದರೂ ಟೈಮಿಂಗ್ ಲೈಟ್ ಹಿಡಿದರೆ ಡ್ಯಾಂಪರಿನ ಮೇಲಿನ ಗೆರೆ ಗಾಳಿಗೆ ಸಿಕ್ಕ ದೀಪದ ಕುಡಿಯ ಹಾಗೆ ಆಡುತ್ತಿತ್ತು. ಎರಡು ವಾರ ಡಿಸ್ಟ್ರಿಬ್ಯೂಟರಿನ ಮೇಲೇ ಅನುಮಾನಪಟ್ಟು ಅದನ್ನೇ ಬಿಚ್ಚಿ ಹಾಕಿ ಮಾಡಿದೆ. ಕೊನೆಗೆ ಮುಂದಿನ ಟೈಮಿಂಗ್ ಕವರ್ ತೆಗೆದರೆ, ಅದರ ಒಳಮೈಯಲ್ಲಿ ನಾಣ್ಯದಷ್ಟಗಲ ಫಳಫಳ ಹೊಳೆಯುತ್ತಿತ್ತು. ನಡುವೆ ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು. ಕವರ್ ತಗಡಿನದು. ನಾನು ಅಳೆದದ್ದು ಅದು ಸುಮ್ಮನಿದ್ದಾಗಿನ ಅಂತರ. ಇಂಜಿನ್ ಓಡುವಾಗ ಬಟನ್ ಒತ್ತಿದರೆ ಅದು ಉಬ್ಬಿ ಜಾಗ ಬಿಟ್ಟುಕೊಡುತ್ತಿತ್ತು. ತಗಡಿನ ಕವರಿಗೆ ಹೊರಗಿನಿಂದ ವಾಟರ್ ಪಂಪಿನ ಆಸರೆ ಕೊಟ್ಟು ನಿಭಾಯಿಸುವವರೂ ಇದ್ದಾರೆ. ನೀನು ಆ ರಗಳೆಗೆ ಹೋಗಬೇಡ, ಎರಕದ ಅಲ್ಯೂಮಿನಿಯಂ ಕವರ್ ತರಿಸು.

ಅದಕ್ಕೂ ಮೊದಲು ನಿನ್ನ ಬ್ಲಾಕ್ ಯಾವ ಕಾಲದ್ದು ನೋಡು. 1987ರಿಂದ ಕಂಪನಿಯೇ ಇದರಲ್ಲಿ ರೋಲರ್ ಕ್ಯಾಮ್ ಹಾಕತೊಡಗಿತು, ಕ್ಯಾಮಿನ ಮೂತಿಯ ಬಳಿ ಎರಡು ಬೋಲ್ಟಿನ ತಡೆತಟ್ಟೆ ಕೊಟ್ಟಿತು. ಅಂಥ ಬ್ಲಾಕ್, ಅದಕ್ಕೆ ಹೊಂದುವ ಮೂತಿಯ ಕ್ಯಾಮ್ ಇದ್ದರೆ ಬಟನ್ನಿನ ಚಿಂತೆಯೇ ಬೇಡ. ಫೋರ್ಡ್ 302ರಲ್ಲಂತೂ ಮೊದಲಿಂದಲೂ ತಟ್ಟೆ ಇದೆ, ಫೋರ್ಡಿನಲ್ಲಿ ಕೈ ಪಳಗಿದವರು ಷೆವರ್ಲೆಗೆ ಬಂದಾಗ ಮರೆಯುವುದು ಅದಕ್ಕೇ. ನೀನು ಹೇಳಿದ ಪ್ರಕಾರ ನಿನ್ನದು ಎಪ್ಪತ್ತರ ದಶಕದ್ದು. ಬಟನ್ ಬೇಕೇ ಬೇಕು. ನೈಲಾನಿನದು ಸಿಗುತ್ತದೆ, ಅಲ್ಯೂಮಿನಿಯಂನದು ಸಿಗುತ್ತದೆ. ನಾನಾದರೆ ಒಳಗೆ ಬೇರಿಂಗ್ ಇರುವ ರೋಲರ್ ಬಟನ್ನನ್ನೇ ಹಾಕುತ್ತೇನೆ.

ಅಳೆಯುವಾಗ ಅವಸರ ಮಾಡಬೇಡ. ಚೈನು, ಸ್ಪ್ರಾಕೆಟ್ ಕೂರಿಸಿ ಬೋಲ್ಟ್ ಪೂರ್ತಿ ಬಿಗಿ ಮಾಡು. ಬಟನ್ ಇಟ್ಟು, ಕವರನ್ನು ಗ್ಯಾಸ್ಕೆಟ್ ಸಮೇತ ಹಾಕಿ ಎಲ್ಲಾ ಬೋಲ್ಟ್ ಬಿಗಿ. ಗ್ಯಾಸ್ಕೆಟ್ ಬಿಟ್ಟು ಅಳೆದವರು ಎಷ್ಟೋ ಜನ. ಅದರ ದಪ್ಪವೇ ನಿನ್ನ ಇಡೀ ಲೆಕ್ಕವನ್ನು ನುಂಗಿಬಿಡುತ್ತದೆ. ಲಿಫ್ಟರ್ ಹಾಕುವ ಮುಂಚೆ, ಮೇಲಿಂದ ಕೈ ಹೋಗುವ ಹಾಗಿರುವಾಗಲೇ, ಡಯಲ್ ಗೇಜಿನ ಮೊನೆಯನ್ನು ಲೋಬಿನ ಪಕ್ಕದ ಮೈಗೆ ತಾಗಿಸು. ಕ್ಯಾಮನ್ನು ಹಿಂದಕ್ಕೆ ತಳ್ಳಿ ಸೊನ್ನೆ ಮಾಡು. ಆಮೇಲೆ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಮೆಲ್ಲಗೆ ಮುಂದಕ್ಕೆ ಮೀಟು. 5ರಿಂದ 10 ಥೌ ಒಳಗೆ ಬರಬೇಕು, ಮಿಲಿಮೀಟರಿನಲ್ಲಿ 0.13ರಿಂದ 0.25. ಕ್ಯಾಮಿನ ಜತೆ ಬಂದ ಕಾಗದದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿ. ಹೆಚ್ಚಿದ್ದರೆ ಬಟನ್ನಿನ ಹಿಂದೆ ಶಿಮ್ ಕೊಡು, ಕಡಿಮೆಯಿದ್ದರೆ ಶಿಮ್ ತೆಗೆ. ಬಿಗಿಯಾದರೆ ಭದ್ರ ಅಂದುಕೊಳ್ಳಬೇಡ. ಸಂದೇ ಇಲ್ಲದಿದ್ದರೆ ಬಟನ್ ಕವರಿಗೆ ಉಜ್ಜಿ ಉಜ್ಜಿ ಬಿಸಿಯಾಗಿ ಹಾಳಾಗುತ್ತದೆ, ಅದರ ಪುಡಿ ಎಣ್ಣೆಗೆ ಸೇರುತ್ತದೆ. ಒಂದು ಸಲ ಅಳೆದು ಬಿಡಬೇಡ, ಕ್ಯಾಮನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆ. ಸ್ಪ್ರಾಕೆಟ್ ಓರೆಯಾಗಿ ಕೂತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಾಗೆಯೇ ಡಿಸ್ಟ್ರಿಬ್ಯೂಟರಿನ ಗೇರು ನೋಡಿಕೋ. ಹೊಸ ಕ್ಯಾಮ್ ಉಕ್ಕಿನದಾದರೆ ಹಳೇ ಎರಕದ ಗೇರು ಅದರ ಜತೆ ಬಾಳುವುದಿಲ್ಲ, ಕ್ಯಾಮ್ ಮಾಡಿದವರು ಹೇಳಿದ್ದನ್ನೇ ಹಾಕು.

ಕವರ್ ಕೂರಿಸುವ ದಿನ ರಾತ್ರಿಯಾದರೂ ಪರವಾಗಿಲ್ಲ, ವೀಡಿಯೊ ಕಾಲ್ ಮಾಡು. ಡಯಲಿನ ಮುಖ ನನ್ನ ಕಡೆ ತಿರುಗಿಸಿ ಹಿಡಿ. ನೀನು ಮೀಟು, ನಾನು ಮುಳ್ಳು ನೋಡುತ್ತೇನೆ.