ಎದೆಯ ಗಂಟು, ಒಡೆದ ದನಿ

ಪ್ರಶ್ನೆ: ನನಗೆ 14 ವರ್ಷ, ಒಂಬತ್ತನೇ ಕ್ಲಾಸು, ಹಾಸ್ಟೆಲಿನಲ್ಲಿದ್ದೇನೆ. ನಾಲ್ಕೈದು ತಿಂಗಳಿಂದ ಎಡ ಮೊಲೆತೊಟ್ಟಿನ ಕೆಳಗೆ ಅಂಗಿ ಗುಂಡಿಯಷ್ಟು ಗಟ್ಟಿಯಾಗಿದೆ, ಮುಟ್ಟಿದರೆ ನೋವು. ಈಗ ಬಲಗಡೆಯೂ ಶುರುವಾಗಿದೆ. ಬೆಳಿಗ್ಗೆ ತೊಟ್ಟಿ ಹತ್ತಿರ ಸ್ನಾನಕ್ಕೆ ನಿಂತರೆ ಹುಡುಗರು ಹುಡುಗಿ ಹೆಸರಿಟ್ಟು ಕರೆಯುತ್ತಾರೆ. ಬನಿಯನ್ ತೆಗೆಯುವುದನ್ನೇ ಬಿಟ್ಟಿದ್ದೇನೆ, ಕಬಡ್ಡಿಗೂ ಹೋಗುತ್ತಿಲ್ಲ. ದನಿ ಒಡೆದು ಕೀರಲಾಗುತ್ತದೆ. ಕೆಲವು ರಾತ್ರಿ ನಿದ್ದೆಯಲ್ಲಿ ಚಡ್ಡಿ ಒದ್ದೆಯಾಗುತ್ತದೆ, ಅದರಿಂದ ಶಕ್ತಿಯೆಲ್ಲ ಸೋರಿಹೋಗುತ್ತದೆ ಎಂದು ಸೀನಿಯರ್ ಒಬ್ಬ ಹೇಳಿದ. ನಾನು ಹುಡುಗಿಯಾಗುತ್ತಿದ್ದೇನಾ? ಎದೆ ಕರಗಿಸುವ ಮಾತ್ರೆಯ ಜಾಹೀರಾತು ನೋಡಿದೆ, ತರಿಸಲಾ? ಮನೆಯಲ್ಲಿ ಹೇಳಲು ನಾಚಿಕೆ.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಇಲ್ಲ ಕಣೋ, ನೀನು ಹುಡುಗಿಯಾಗುತ್ತಿಲ್ಲ. ಮಾತ್ರೆ ಖಂಡಿತ ತರಿಸಬೇಡ. ಉಳಿದದ್ದನ್ನು ನಿಧಾನವಾಗಿ ಓದು.

ಗಂಡುಮಕ್ಕಳ ಮೈ 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ಬದಲಾಗಲು ಶುರುವಾಗಬಹುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಟ ಹಾರ್ಮೋನು ವೃಷಣಗಳನ್ನು ಎಚ್ಚರಿಸುತ್ತದೆ, ಅವು ಟೆಸ್ಟೋಸ್ಟೆರಾನ್ ತಯಾರಿಸತೊಡಗುತ್ತವೆ. ಮೊದಲು ದೊಡ್ಡದಾಗುವುದು ವೃಷಣಗಳೇ. ಅದು ಯಾರ ಗಮನಕ್ಕೂ ಬರುವುದಿಲ್ಲ. ದನಿ, ಮೀಸೆ, ಮೊಡವೆ, ಬೆವರಿನ ವಾಸನೆ ಎಲ್ಲ ಆಮೇಲಿನವು.

ಈಗ ಎದೆಯ ವಿಷಯ. ಹೆಣ್ಣಿನ ಹಾರ್ಮೋನು ಎನ್ನುವ ಈಸ್ಟ್ರೋಜೆನ್ ಎಲ್ಲ ಗಂಡಸರ ಮೈಯಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಟೆಸ್ಟೋಸ್ಟೆರಾನ್‌ನ ಒಂದು ಪಾಲನ್ನು ಮೈಯೇ ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ನಿನ್ನ ವಯಸ್ಸಿನಲ್ಲಿ ಇವೆರಡರ ಅಳತೆ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಆಗ ಮೊಲೆತೊಟ್ಟಿನ ಕೆಳಗಿನ ಗ್ರಂಥಿ ಸ್ವಲ್ಪ ಊದಿಕೊಳ್ಳುತ್ತದೆ. ಒಂದು ಕಡೆ ಮೊದಲು, ಇನ್ನೊಂದು ಕಡೆ ತಡವಾಗಿ ಬರುವುದೂ ಸಾಮಾನ್ಯ. ಸುಮಾರು ಅರ್ಧದಷ್ಟು ಹುಡುಗರಿಗೆ ಇದು ಆಗುತ್ತದೆ. ಅಂದರೆ ತೊಟ್ಟಿಯ ಹತ್ತಿರ ನಿನ್ನನ್ನು ಅಣಕಿಸುವವರಲ್ಲೇ ಕೆಲವರು ತಮ್ಮ ಗಂಟನ್ನು ಮುಚ್ಚಿಕೊಂಡು ನಗುತ್ತಿರಬಹುದು. ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಹಿಸುಕಬೇಡ, ಬಿಗಿಯಾಗಿ ಬಟ್ಟೆ ಕಟ್ಟಬೇಡ, ಸಡಿಲ ಬನಿಯನ್ ಸಾಕು. ಒಂದೇ ಕಡೆ ಬೇಗ ಬೇಗ ಬೆಳೆದರೆ, ಕಲ್ಲಿನಷ್ಟು ಗಟ್ಟಿಯಾದರೆ, ತೊಟ್ಟಿನಿಂದ ದ್ರವ ಬಂದರೆ, ಎರಡು ವರ್ಷ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಜಾಹೀರಾತಿನ ಮಾತ್ರೆಯೊಳಗೆ ಏನಿದೆಯೋ ನಿನಗೆ ಗೊತ್ತಿಲ್ಲ. ಜಿಮ್ಮಿನ ಕಡೆ ಕೈಗೆ ಸಿಗುವ ಸ್ಟೆರಾಯ್ಡ್‌ಗಳಂತೂ ಎದೆಯ ಗಂಟನ್ನು ಹೆಚ್ಚಿಸುತ್ತವೆ.

ದನಿ ಒಡೆಯುವುದಕ್ಕೆ ಧ್ವನಿಪೆಟ್ಟಿಗೆ ಬೆಳೆಯುತ್ತಿರುವುದೇ ಕಾರಣ. ಒಳಗಿನ ತಂತುಗಳು ಉದ್ದವಾಗಿ ದಪ್ಪವಾಗುತ್ತಿವೆ, ಅವುಗಳ ಮೇಲೆ ನಿನಗಿನ್ನೂ ಹಿಡಿತ ಸಿಕ್ಕಿಲ್ಲ. ಕೆಲವು ತಿಂಗಳು ಕಳೆದರೆ ಸರಿಹೋಗುತ್ತದೆ.

ನಿದ್ದೆಯಲ್ಲಿ ಆಗುವುದಕ್ಕೆ ಸ್ವಪ್ನಸ್ಖಲನ ಎನ್ನುತ್ತಾರೆ. ಅದು ರೋಗವಲ್ಲ, ತಪ್ಪೂ ಅಲ್ಲ. ವೀರ್ಯವನ್ನು ಮೈ ದಿನವೂ ತಯಾರಿಸುತ್ತದೆ, ಹೆಚ್ಚಾದದ್ದು ಹೊರಗೆ ಬರುತ್ತದೆ. ಇಷ್ಟು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಆಗುತ್ತದೆ ಎನ್ನುವ ಲೆಕ್ಕ ಶುದ್ಧ ಸುಳ್ಳು. ಅದು ನಮ್ಮ ಕಡೆ ತಲೆಮಾರುಗಳಿಂದ ಹುಡುಗರನ್ನು ಹೆದರಿಸಿದೆ. ಈ ಭಯದಿಂದಲೇ ಸುಸ್ತು, ನಿದ್ದೆಗೇಡು, ಖಿನ್ನತೆಗೆ ಬೀಳುವವರು ಎಷ್ಟು ಮಂದಿಯೆಂದರೆ, ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಇದನ್ನು ಧಾತ್ ಸಿಂಡ್ರೋಮ್ ಎಂದು ಗುರುತಿಸಿದರು. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಗುಪ್ತರೋಗ’ದ ಪೋಸ್ಟರ್ ಅಂಟಿಸುವವರು ಹಣ ಮಾಡುವುದು ಈ ಭಯದಿಂದ. ಬೆಳಿಗ್ಗೆ ಎದ್ದು ತೊಳೆದುಕೊಂಡು ಚಡ್ಡಿ ಬದಲಿಸು, ಅಷ್ಟೇ.

ಕಾರಣವಿಲ್ಲದೆ ಸಿಟ್ಟು, ಒಬ್ಬನೇ ಇದ್ದಾಗ ಅಳು, ಯಾರೋ ಹಿತವೆನಿಸುವುದು ಇವೂ ನಿನಗೆ ಆಗುತ್ತಿರಬಹುದು. ಭಾವನೆಗಳ ಬಿರುಸು ಈ ವಯಸ್ಸಿನಲ್ಲೇ ಏರುತ್ತದೆ, ಅದನ್ನು ತೂಗಿ ನೋಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿಗೆ. ಅಳು ಬಂದರೆ ಅತ್ತುಬಿಡು. ಗಂಡಸು ಅಳಬಾರದು ಎಂದವರ ಮಾತು ಕೇಳಬೇಡ.

ಈ ಪತ್ರ ಓದುತ್ತಿರುವ ಅಪ್ಪಂದಿರಿಗೆ, ವಾರ್ಡನ್‌ಗಳಿಗೆ ಒಂದು ಮಾತು. ಮನೆಯ ಹುಡುಗಿ ದೊಡ್ಡವಳಾದರೆ ಆರತಿ ಎತ್ತುತ್ತೀರಿ, ಚಿಗಳಿ, ಕೊಬ್ಬರಿ ತಿನ್ನಿಸುತ್ತೀರಿ. ಅಜ್ಜಿಯೋ ಅತ್ತೆಯೋ ಪಕ್ಕದಲ್ಲಿ ಕೂತು ನಾಲ್ಕು ಮಾತು ಹೇಳುತ್ತಾರೆ. ಅವಳಿಗೆ ಹೇಳುವುದೂ ಸಾಲದು. ಆದರೆ ಹುಡುಗನಿಗೆ ಯಾರೂ ಏನೂ ಹೇಳುವುದಿಲ್ಲ, ಅವನು ಸೀನಿಯರ್‌ನಿಂದಲೋ ಮೊಬೈಲಿನಿಂದಲೋ ಕಲಿಯುತ್ತಾನೆ. ಮಗನಿಗೆ 11 ತುಂಬುವ ಹೊತ್ತಿಗೆ ಅಪ್ಪನೇ ಬಾಯಿಬಿಟ್ಟು ಹೇಳಬೇಕು. ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಬನಿಯನ್ ತೆಗೆಯದೆ ಸ್ನಾನ ಮಾಡುತ್ತಿದ್ದರೆ ಗಮನಿಸಿ, ಬಾಗಿಲಿರುವ ಬಚ್ಚಲು ಕೊಡಿ, ಅಣಕಿಸುವುದನ್ನು ನಿಲ್ಲಿಸಿ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನಿಗೆ ಅಥವಾ ಸೋದರಮಾವನಿಗೆ ಈ ಪುಟ ತೋರಿಸು, ಬಾಯಲ್ಲಿ ಹೇಳಲೇಬೇಕೆಂದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಕಬಡ್ಡಿ ಬಿಡಬೇಡ, ಟೀ ಶರ್ಟ್ ಹಾಕಿಕೊಂಡೇ ಆಡು.

ಕೊನೆಗೆ, ನೀನು ಕೇಳದಿದ್ದರೂ ಹೇಳಲೇಬೇಕಾದದ್ದೊಂದಿದೆ. ಯಾವತ್ತಾದರೂ ಒಂದು ವೃಷಣದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಸಾಮಾನ್ಯವಾಗಿ ಉಳಿಸಬಹುದು, ತಡವಾದರೆ ತೆಗೆಯಬೇಕಾಗಬಹುದು. ನಾಚಿಕೆಪಟ್ಟು ಬೆಳಗಾಗಲಿ ಎಂದು ಮಲಗಬೇಡ. ನಡುರಾತ್ರಿಯಾದರೂ ವಾರ್ಡನ್‌ರನ್ನು ಎಬ್ಬಿಸು, ಎಲ್ಲಿ ನೋವು ಅನ್ನುವುದನ್ನು ಮುಚ್ಚಿಡದೆ ಹೇಳು.