ಕೊಯ್ಲಿನ ಕಾಲದ ರಸ್ತೆ ಪಾಠ



ಅಡಿಕೆ ಕೊಯ್ಲು ಸುರುವಾಯಿತೆಂದರೆ ಪರಶುರಾಂಪುರದ ವೇದಾವತಿ ದಂಡೆಯ ತೋಟಗಳಿಂದ ಟ್ರಾಕ್ಟರು, ಗೂಡ್ಸ್ ಆಟೋ, ಪಿಕಪ್ಪುಗಳು ಚಳ್ಳಕೆರೆಯ ಕಡೆಗೂ, ಅಲ್ಲಿಂದ ಮುಂದೆ ಭೀಮಸಮುದ್ರದ ಪೇಟೆಗೂ ಸಾಲು ಹಿಡಿಯುತ್ತವೆ. ಧಾರಣೆ, ತೇವಾಂಶ, ಸುಲಿಯುವ ಕೂಲಿಗಳ ಬಗ್ಗೆ ಈ ಪತ್ರಿಕೆಯಲ್ಲಿ ಬೇಕಾದಷ್ಟು ಬರೆದಿದ್ದೇವೆ. ಮಾಲು ಹೊರುವ ವಾಹನದ ಬಗ್ಗೆ ಬರೆದದ್ದು ಕಡಿಮೆ.

ಮೊದಲು ಒಂದು ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಎದುರಿಗೆ ಏನೋ ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಚುರುಕಾದ ಚಾಲಕನಿಗೂ ಒಂದು ಸೆಕೆಂಡು ಬೇಕು. ಆಮೇಲೆ ಒಣ ಡಾಂಬರು, ಒಳ್ಳೆಯ ಟೈರು ಇದ್ದರೂ ನಿಲ್ಲಲು ಇನ್ನೂ 20 ಮೀಟರ್. ಒಟ್ಟು 37. ವೇಗ 80 ಆದರೆ ಈ ಮೊತ್ತ 58ರ ಸುಮಾರಿಗೆ ಏರುತ್ತದೆ. ಡಿಮ್ ದೀಪದಲ್ಲಿ ರಸ್ತೆ ಚೆನ್ನಾಗಿ ಕಾಣುವುದೋ 40-50 ಮೀಟರ್ ಮಾತ್ರ. ಅಂದಮೇಲೆ 80ರಲ್ಲಿ ಬರುವವನಿಗೆ ದೀಪವಿಲ್ಲದ, ಧೂಳಿನ ಬಣ್ಣಕ್ಕೇ ತಿರುಗಿದ ನಮ್ಮ ಟ್ರೈಲರು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅವನ ಕಾರಿನಲ್ಲಿ ಎ.ಬಿ.ಎಸ್. ಬ್ರೇಕು ಇದ್ದರೂ ಅಷ್ಟೇ. ಆ ಸಾಧನ ಚಕ್ರ ಬಿಗಿದು ಜಾರದಂತೆ ಕಾಯುತ್ತದೆ, ಸ್ಟೇರಿಂಗ್ ಮಾತು ಕೇಳುವಂತೆ ಮಾಡುತ್ತದೆ. ರಸ್ತೆಯ ದೂರವನ್ನು ನುಂಗುವ ಮಂತ್ರ ಅದಲ್ಲ.

ಆದ್ದರಿಂದ ಟ್ರೈಲರಿನ ಹಿಂಬದಿಗೆ ಕೆಂಪು, ಪಕ್ಕಗಳಿಗೆ ಹಳದಿ ಹೊಳೆಯುವ ಪಟ್ಟಿ ಅಂಟಿಸಿ. ಅಂಟಿಸಿದರೆ ಸಾಲದು, ಸಗಣಿ ಕೆಸರು ಮೆತ್ತಿದ ಪಟ್ಟಿ ಹೊಳೆಯದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹೇರಿದ ಚೀಲಗಳು ಅದರ ಮೇಲೆ ಜೋತು ಬೀಳಬಾರದು. ಪಂಕ್ಚರ್ ಆದರೆ ಗಾಡಿಯನ್ನು ಡಾಂಬರಿನಿಂದ ಕೆಳಗಿಳಿಸಿ. ಚಕ್ರಕ್ಕೆ ಕೊಟ್ಟ ಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟು ಹೋಗುವ ಚಾಳಿಯಂತೂ ಬೈಕಿನವರ ಪಾಲಿಗೆ ಯಮ.

ಟ್ರಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇರುವುದು ಉಳುವಾಗ ಮೂಲೆಯಲ್ಲಿ ತಿರುಗಿಸಲು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ಬಿಡಿಯಾಗಿದ್ದಾಗ ಒಂದನ್ನೇ ತುಳಿದರೆ ಗಾಡಿ ಆ ಮಗ್ಗುಲಿಗೆ ಎಳೆದು ಮಗುಚುತ್ತದೆ. ನಮ್ಮ ಕಡೆಯ ಬಹುತೇಕ ಟ್ರೈಲರುಗಳಿಗೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರವೇ ಟ್ರಾಕ್ಟರನ್ನು ತಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವವರು ಉಳಿಸುವುದು ನಾಲ್ಕು ಕಾಸು. ನಮ್ಮ ಬಯಲುಸೀಮೆಯಲ್ಲಿ ಇದು ಅಲ್ಲಲ್ಲಿಯ ದಿಣ್ಣೆಯ ಮಾತು, ಮಲೆನಾಡಿನ ಕಾಫಿ ಸದಸ್ಯರಿಗೆ ದಿನನಿತ್ಯದ್ದು. ಘಾಟಿಯನ್ನು ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸರಿ.

ಕಾರು, ಜೀಪು ಇರುವವರಿಗೆ ಒಂದು ಮಾತು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರಿದ್ದ ಕಾರು ಸೇತುವೆಗೆ ಬಡಿಯಿತು. ಬೆಲೆಬಾಳುವ ಕಾರು, ಏರ್‌ಬ್ಯಾಗುಗಳಿದ್ದವು. ಮುಂದಿನ ಇಬ್ಬರು ಬದುಕಿದರು. ಹಿಂದೆ ಬೆಲ್ಟ್ ಹಾಕದೆ ಕುಳಿತಿದ್ದ ಇಬ್ಬರೂ ತೀರಿಕೊಂಡರು. ಬೆಲ್ಟ್ ಮುಂದಿನವರಿಗಷ್ಟೇ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಕೊನೆಯದಾಗಿ, ಕೂಲಿಯಾಳುಗಳನ್ನು ಚೀಲಗಳ ಮೇಲೆ ಕೂರಿಸಿ ತರುವ ಪದ್ಧತಿ. 2022ರ ಆಗಸ್ಟ್ 25ರ ನಸುಕಿನಲ್ಲಿ ನಮ್ಮ ಪಕ್ಕದ ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ರಾಯಚೂರು ಕಡೆಯ ಕೂಲಿಕಾರರಿದ್ದ ಕ್ರೂಸರ್ ಲಾರಿಗೆ ಡಿಕ್ಕಿಯಾಗಿ 9 ಜನ ಸತ್ತರು. ಒಳಗೆ ಇಪ್ಪತ್ತಕ್ಕೂ ಮಿಕ್ಕಿ ಜನ ತುಂಬಿದ್ದರು. ಅದು ಜನ ಕೂರುವ ಗಾಡಿಯಾದರೂ ಆಗಿತ್ತು. ನಮ್ಮ ಟ್ರೈಲರಿನಲ್ಲಿ ಹಿಡಿದುಕೊಳ್ಳಲು ಒಂದು ಸರಳೂ ಇಲ್ಲ. ಮಾಲಿನ ಒಡೆಯನಿಗೆ, ಅವನ ಪ್ರತಿನಿಧಿಗೆ 1994ರ ಕಾನೂನು ತಿದ್ದುಪಡಿಯಿಂದ ವಿಮೆಯ ರಕ್ಷಣೆ ಉಂಟು. ಸರಕು ವಾಹನಕ್ಕೆ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ಆಗ ಪರಿಹಾರದ ಹೊರೆ ಬೀಳುವುದು ಗಾಡಿಯ ಮಾಲೀಕನ ತಲೆಗೆ, ಅಂದರೆ ಎರಡೆಕರೆ ತೋಟದ ಮೇಲೆ. ಟ್ರಾಕ್ಟರಿನ ಪಾಲಿಸಿ ಪೆಟ್ಟಿಗೆಯ ತಳದಲ್ಲಿದ್ದರೆ ಹೊರತೆಗೆಯಿರಿ. ಓದಿ ಅರ್ಥವಾಗದಿದ್ದರೆ ಸಂತೆಯ ದಿನ ಸಂಘದ ಕಚೇರಿಗೆ ತನ್ನಿ, ಒಟ್ಟಿಗೆ ಕೂತು ನೋಡೋಣ.