ಗಾಲಿಗೆ ಗಾಳಿ, ಟೈರಿಗೆ ನೆರಳು

ಮೆಹಕರದಿಂದ ನಾವು ಭಾಲ್ಕಿಗೆ ಹೋಗುತ್ತೇವೆ. ಬೀದರಿನ ದವಾಖಾನೆಗೆ ಹೋಗುತ್ತೇವೆ. ಮದುವೆಗೆ, ಜಾತ್ರೆಗೆ ಹೋಗುತ್ತೇವೆ. ಬಸ್ಸು ಸಿಗದಿದ್ದರೆ ಜೀಪು, ಕಾರು ಹತ್ತುತ್ತೇವೆ. ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುತ್ತೇವೆ. ಬಾಡಿಗೆ ಎಷ್ಟು ಎಂದು ಕೇಳುತ್ತೇವೆ. ಆದರೆ ಟೈರು ನೋಡುತ್ತೇವೆಯೇ? ಗಾಡಿಯಲ್ಲಿ ಕೂತವರ ಜೀವವೆಲ್ಲ ನಾಲ್ಕು ಟೈರುಗಳ ಮೇಲಿರುತ್ತದೆ.

ಟೈರು ಯಾಕೆ ಬಿರಿಯುತ್ತದೆ?

ಟೈರು ರಬ್ಬರಿನದು. ರಬ್ಬರು ಒಂದು ಮರದ ಹಾಲಿನಿಂದ ಬರುತ್ತದೆ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ಕಡೆ ಆ ಮರದ ತೋಟಗಳಿವೆ. ಕಾರ್ಖಾನೆಯಲ್ಲಿ ಮಾಡಿದ ರಬ್ಬರೂ ಉಂಟು. ಇವುಗಳಿಗೆ ಗಂಧಕ, ಕಪ್ಪು ಮಸಿ, ಮೇಣ ಬೆರೆಸಿ ಟೈರು ಮಾಡುತ್ತಾರೆ.

ಬಿಸಿಲು, ಸೆಕೆ, ಗಾಳಿಯಲ್ಲಿರುವ ಓಝೋನ್ ಇವು ರಬ್ಬರನ್ನು ಗಟ್ಟಿ ಮಾಡುತ್ತವೆ. ಬೇಸಿಗೆಯಲ್ಲಿ ಎರೆ ಹೊಲ ಬಿರಿಯುವುದಿಲ್ಲವೇ? ಹಾಗೆಯೇ ಟೈರೂ ಬಿರಿಯುತ್ತದೆ.

ನಿಂತ ಗಾಡಿಯ ಟೈರು ಬೇಗ ಕೆಡುತ್ತದೆ. ಗಾಡಿ ಓಡುವಾಗ ಟೈರು ಬಾಗುತ್ತದೆ. ಆಗ ಒಳಗಿನ ಮೇಣ ಮೇಲೆ ಬಂದು ರಬ್ಬರನ್ನು ಕಾಯುತ್ತದೆ. ತಿಂಗಳುಗಟ್ಟಲೆ ನಿಂತರೆ ಮೇಣ ಸರಿಯಾಗಿ ಮೇಲೆ ಬರುವುದಿಲ್ಲ.

ಅತ್ತೆ ಸೊಸೆಯರ ಮಾತು

ಸೊಸೆ: ಅತ್ತಿ, ತಡೀರಿ. ಟೈರ್ ಸೀಳ್ಯಾವ ನೋಡ್ರಿ.

ಅತ್ತೆ: ಗಾಳಿ ತುಂಬ್ಯಾದಲ್ಲ, ಮತ್ತೇನು? ಗಂಡಸರು ನೋಡ್ಕೋತಾರ.

ಸೊಸೆ: ಕೂಡೋರು ನಾವೂ ಅಲ್ಲೇನ್ರಿ? ಸೀಳಿನಾಗ ಉಗುರು ಹೋಗ್ತದ. ದಾರಿಯಾಗ ಒಡೆದ್ರ ಕೂಸಿನ ಗತಿ ಏನ್ರಿ?

ಅತ್ತೆ: ಖರೇ ಅಂತಿ. ಇವತ್ತು ಬಸ್ಸಿಗೆ ಹೋಗೋಣ. ಟೈರ್ ಬದಲಿ ಮಾಡ್ಲಿ, ಆಮ್ಯಾಲ ಕಾರು.

ಏನು ನೋಡಬೇಕು?

1. ಟೈರಿನ ಪಕ್ಕದಲ್ಲಿ ಕೂದಲಿನಂಥ ಗೆರೆಗಳಿವೆಯೇ? ಹಾಗಿದ್ದರೆ ಟೈರು ಒಣಗಲು ಶುರುವಾಗಿದೆ.
2. ನೆಲಕ್ಕೆ ತಾಗುವ ಕಡೆ, ಕಚ್ಚುಗಳ ನಡುವೆಯೂ ನೋಡಿ.
3. ಕಪ್ಪು ಬಣ್ಣ ಹೋಗಿ ಬೂದಿ ಬಣ್ಣ ಬಂದಿದೆಯೇ?
4. ಸೀಳು ಆಳವಾಗಿದೆಯೇ? ಒಳಗಿನ ದಾರ ಕಾಣುತ್ತಿದೆಯೇ? ಟೈರು ಉಬ್ಬಿದೆಯೇ? ಅಂಥ ಗಾಡಿ ಹತ್ತಬೇಡಿ.

ಪಂಕ್ಚರ್ ತಿದ್ದಬಹುದು. ಒಣಗಿ ಬಿರಿದ ರಬ್ಬರನ್ನು ತಿದ್ದಲು ಬರುವುದಿಲ್ಲ. ಬಿಸಿಲು, ಭಾರ, ವೇಗ ಮೂರೂ ಕೂಡಿದರೆ ಅದು ದಾರಿಯಲ್ಲೇ ಒಡೆಯಬಹುದು.

ಟೈರಿನ ವಯಸ್ಸು ಓದಿ

ಟೈರಿನ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ. ಅವುಗಳ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ಒಂದು ಬದಿ ಕಾಣದಿದ್ದರೆ ಇನ್ನೊಂದು ಬದಿ ಹುಡುಕಿ. 2319 ಎಂದಿದ್ದರೆ, 23 ಎಂದರೆ ವಾರ, 19 ಎಂದರೆ 2019ನೆಯ ವರ್ಷ. ಆ ವರ್ಷದ 23ನೆಯ ವಾರದಲ್ಲಿ ಟೈರು ತಯಾರಾಗಿದೆ.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಮೆಕ್ಯಾನಿಕ್‌ಗೆ ತೋರಿಸಬೇಕು. ಹತ್ತು ವರ್ಷವಾದರೆ, ನೋಡಲು ಚೆನ್ನಾಗಿದ್ದರೂ ಬದಲಿಸಬೇಕು. ಟೈರು ಮಾಡುವ ಹಲವು ಕಂಪನಿಗಳೇ ಹೀಗೆ ಹೇಳುತ್ತವೆ. ಹೊಸದೆಂದು ಯಾರಾದರೂ ಹಳೆಯ ಟೈರು ಮಾರಿದರೆ ಈ ಅಂಕಿ ಸುಳ್ಳನ್ನು ಹೇಳಿಕೊಡುತ್ತದೆ. ಸ್ಟೆಪ್ನಿಯ ಅಂಕಿಯನ್ನೂ ಓದಿ. ಓಡದಿದ್ದರೂ ಅದಕ್ಕೆ ವಯಸ್ಸಾಗುತ್ತದೆ.

ಕಾಪಾಡುವುದು ಹೇಗೆ?

ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ನೆರಳಿಲ್ಲದಿದ್ದರೆ ಟೈರಿಗೆ ಗೋಣಿಚೀಲ ಮುಚ್ಚಿ. ತಿಂಗಳಿಗೊಮ್ಮೆ, ಟೈರು ತಣ್ಣಗಿದ್ದಾಗ ಗಾಳಿ ನೋಡಿಸಿ. ನಿಂತ ಗಾಡಿಯನ್ನು ಆಗಾಗ ಓಡಿಸಲು ಹೇಳಿ. ಹೆಚ್ಚು ಭಾರ ಹೇರಬೇಡಿ. ಹೊಳಪಿಗೆಂದು ಡೀಸೆಲ್, ಸೀಮೆಎಣ್ಣೆ ಹಚ್ಚಬೇಡಿ. ಅವು ರಬ್ಬರನ್ನು ಕೆಡಿಸುತ್ತವೆ. ಸಾಬೂನು ನೀರು ಸಾಕು.

ಟೈರು ನೋಡಲು ಗಾಡಿ ನಡೆಸಲು ಬರಬೇಕಿಲ್ಲ. ಕಣ್ಣು ಬೇಕು, ಅಂಕಿ ಓದಲು ಬರಬೇಕು. ಅದು ಈಗ ನಮಗೆ ಬರುತ್ತದೆ. ಕೇಳಲು ನಾಚಿಕೆ ಬೇಡ.

ಓದಿರಿ, ಬರೆಯಿರಿ

ಗಾಲಿ – ಗಾಳಿ
ಸೀಳು – ಬಿರುಕು
ನೆರಳು – ಬಿಸಿಲು

ಉತ್ತರ ಹೇಳಿರಿ

1. ನಿಂತ ಗಾಡಿಯ ಟೈರು ಬೇಗ ಯಾಕೆ ಕೆಡುತ್ತದೆ?
2. ಟೈರಿನ ಮೇಲೆ 0821 ಎಂದಿದೆ. ಅದು ಯಾವ ವರ್ಷದ್ದು? ಎಷ್ಟನೆಯ ವಾರದ್ದು?
3. ನಿಮ್ಮ ಓಣಿಯಲ್ಲಿ ನಿಂತ ಒಂದು ಗಾಡಿಯ ಟೈರು ನೋಡಿ. ಕಂಡದ್ದನ್ನು ಎರಡು ಸಾಲು ಬರೆಯಿರಿ.